ಕಂಬಳ: ಕರಾವಳಿಯ ಓಟ, ಬಯಲುಸೀಮೆಯ ಕೂಲಿ

ನವೆಂಬರ್ ಬಂತೆಂದರೆ ಉಚ್ಚಿಲದ ಹೆದ್ದಾರಿ ಬದಿಯಲ್ಲಿ ಕಂಬಳದ ಫ್ಲೆಕ್ಸುಗಳು ಏಳುತ್ತವೆ. ಮೂತಿ ಎತ್ತಿ ಓಡುವ ಜೋಡಿ ಕೋಣ, ಹಿಂದೆ ಕೆಸರುನೀರು ಸೀಳಿಕೊಂಡು ಬರುವ ಓಟಗಾರ, ಕೆಳಗೆ ಊರು, ಕರೆಯ (ಕೋಣ ಓಡುವ ಕೆಸರಿನ ಅಂಕಣದ) ಹೆಸರು, ತಾರೀಕು. ಅಡ್ವೆ ನಂದಿಕೂರು ನಮಗೆ ಹತ್ತಿರದ್ದು. ಕಾಪು ದಾಟಿ ಉತ್ತರಕ್ಕೆ ಹೋದರೆ ಕಟಪಾಡಿ, ಒಳನಾಡಿಗೆ ಹೋದರೆ ಕಾರ್ಕಳದ ಮಿಯ್ಯಾರು. ಈ ಫ್ಲೆಕ್ಸ್ ಓದುವವರು ಊರಿನವರು ಮಾತ್ರ ಅಲ್ಲ. ರಸ್ತೆ ಕೆಲಸ, ಕಟ್ಟಡ ಕೆಲಸ, ಮಲ್ಪೆ ಬಂದರಿನ ಕೆಲಸ ಎಂದು ಘಟ್ಟ ಇಳಿದು ಬಂದವರು ಈ ಹೆದ್ದಾರಿಯುದ್ದಕ್ಕೂ ಇದ್ದಾರೆ. ಅವರಲ್ಲಿ ಚಿತ್ರದುರ್ಗ, ತುಮಕೂರು ಕಡೆಯವರಿಗೆ ‘ಕಂಬಳ’ ಎಂಬುದು ಹುಟ್ಟಿನಿಂದ ಗೊತ್ತಿರುವ ಮಾತು. ಆದರೆ ಅವರ ಕಂಬಳದಲ್ಲಿ ಕೋಣವೂ ಇಲ್ಲ, ಓಟವೂ ಇಲ್ಲ. ‘ಕಂಬಳಕ್ಕೆ ಹೋಗುವುದು’ ಎಂದರೆ ಇನ್ನೊಬ್ಬರ ಹೊಲಕ್ಕೆ ದಿನಗೂಲಿಗೆ ಹೋಗುವುದು. ‘ಕೂಲಿಕಂಬಳ ಮಾಡಿ ಮಕ್ಕಳನ್ನು ಓದಿಸಿದೆ’ ಎಂದು ಹೇಳುವ ತಾಯಂದಿರು ಆ ಸೀಮೆಯ ಹಳ್ಳಿಹಳ್ಳಿಯಲ್ಲಿ ಸಿಗುತ್ತಾರೆ.

ಒಂದೇ ಭಾಷೆಯೊಳಗೆ ಒಂದೇ ಶಬ್ದ ಇಲ್ಲಿ ಕ್ರೀಡೆ, ಅಲ್ಲಿ ದುಡಿಮೆ. ಇದು ಎರಡು ಬೇರೆ ಶಬ್ದಗಳು ಆಕಸ್ಮಿಕವಾಗಿ ಒಂದೇ ರೂಪಕ್ಕೆ ಬಂದದ್ದೋ, ಒಂದೇ ಬೇರಿನಿಂದ ಎರಡು ಕೊಂಬೆ ಒಡೆದದ್ದೋ? ಈ ಪ್ರಶ್ನೆ ಮೇಲ್ನೋಟಕ್ಕೆ ನಿಘಂಟುಕಾರರದ್ದು. ಆದರೆ ಇದರ ಹಿಂದೆ ನಮ್ಮ ಕರಾವಳಿಯ ಗದ್ದೆಗಳಲ್ಲಿ ಯಾರು ದುಡಿದರು, ಯಾರು ನೋಡಿದರು, ಯಾರಿಗೆ ಏನು ಸಿಕ್ಕಿತು ಎಂಬ ಚರಿತ್ರೆಯೇ ಇದೆ. ಹಾಗಾಗಿ ಶಬ್ದದಿಂದ ತೊಡಗಿ ಗದ್ದೆಗೆ ಇಳಿಯುವುದು ಒಳ್ಳೆಯದು.

ಕರಾವಳಿಯ ಕಂಬಳಕ್ಕೆ ವಿದ್ವಾಂಸರು ಕೊಡುವ ಮೂಲಗಳಲ್ಲಿ ಎರಡು ಹೆಚ್ಚು ಪ್ರಚಾರದಲ್ಲಿವೆ. ‘ಕಂಪ’ ಎಂದರೆ ಹಳಗನ್ನಡದಲ್ಲಿ ಕೆಸರು, ಹುದುಲು. ‘ಕಳ’ ಎಂದರೆ ಕಣ. ಕಂಪದ ಕಳ ಕಂಬಳವಾಯಿತು ಎನ್ನುವುದು ಒಂದು ವಾದ. ಗದ್ದೆಯ ನಡುವೆ ನೆಡುವ ಕಂಬದಿಂದ ಹೆಸರು ಬಂತು ಎನ್ನುವುದು ಇನ್ನೊಂದು. ಎರಡನೆಯವರು ತುಳುವಿನ ‘ಕಂಬುಲ’ ಎಂಬ ರೂಪವನ್ನೂ, ಹೂವಿನಿಂದ ಅಲಂಕರಿಸಿ ಗದ್ದೆಯಲ್ಲಿ ನಿಲ್ಲಿಸುವ ಪೂಕರೆಯನ್ನೂ ತೋರಿಸುತ್ತಾರೆ. ನನಗೆ ಮೊದಲನೆಯದೇ ಹೆಚ್ಚು ಸರಿ ಕಾಣುತ್ತದೆ. ಪೂಕರೆ ನಿಲ್ಲಿಸದ ಕಡೆಯೂ ಕಂಬಳ ಕಂಬಳವೇ. ಕೆಸರಿಲ್ಲದ ಕಂಬಳ ಮಾತ್ರ ಎಲ್ಲೂ ಇಲ್ಲ. ‘ಕಂಬಳ ಗದ್ದೆ’ ಎಂದು ನಾವು ಗದ್ದೆಯನ್ನು ಬೇರೆ ಸೇರಿಸಿ ಹೇಳುತ್ತೇವಲ್ಲ ಎಂದು ಆಕ್ಷೇಪಿಸಬಹುದು. ‘ನಡುಮಧ್ಯ’ ಎನ್ನುವ ಜನರಿಗೆ ಅದೇನೂ ದೊಡ್ಡ ವಿಷಯವಲ್ಲ.

ಬಯಲುಸೀಮೆಯ ಕಂಬಳಕ್ಕೆ ಇಷ್ಟು ಚರ್ಚೆ ನಡೆದದ್ದು ಕಾಣುವುದಿಲ್ಲ. ಕೂಲಿಯ ಪಕ್ಕದಲ್ಲಿ ಜೋಡಿಮಾತಾಗಿ ನಿಂತದ್ದರಿಂದ ಅದನ್ನು ಸಂಬಳಕ್ಕೆ ಪ್ರಾಸವಾಗಿ ಹುಟ್ಟಿದ ರೂಪವೆಂದು ಭಾವಿಸುವವರುಂಟು. ಸಂಬಳದ ಹಿಂದೆ ಸಂಸ್ಕೃತದ ಶಂಬಲ ಇದೆ, ಅದರ ಅರ್ಥ ದಾರಿಯ ಬುತ್ತಿ. ಆದರೆ ಕಂಬಳವನ್ನು ಬರೀ ಪ್ರಾಸದ ಮಾತೆಂದು ತಳ್ಳಿಹಾಕಲು ಬರುವುದಿಲ್ಲ. ಕೂಲಿಯ ನೆರವಿಲ್ಲದೆಯೂ ಅದು ಒಂಟಿಯಾಗಿ ನಿಲ್ಲುತ್ತದೆ, ವಿಭಕ್ತಿ ಹಚ್ಚಿಕೊಂಡು ನಡೆದಾಡುತ್ತದೆ. ಉಣ್ಣೆಯ ಕಂಬಳಿಗೂ ಇದಕ್ಕೂ ಸಂಬಂಧವಿಲ್ಲ. ಅಥರ್ವವೇದದಷ್ಟು ಹಿಂದೆಯೇ ‘ಕಂಬಲ’ ಎಂದರೆ ಉಣ್ಣೆಯ ಹೊದಿಕೆ.

ಈ ಎರಡು ಅರ್ಥಗಳು ಎದುರುಬದುರಾಗಿ ಕೂರದಿರಲು ಒಂದು ಕಾರಣ ಪುಸ್ತಕಗಳ ಗಡಿಯೇ ಇರಬೇಕು. ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟನ್ನೂ 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟನ್ನೂ ಹೊರತಂದಿತು. ತುಳುವಿನ ದಾರಿ ಅಲ್ಲಿಂದಲೇ ಬೇರೆಯಾಯಿತು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ನೇತೃತ್ವದಲ್ಲಿ 1988ರಿಂದ 1997ರ ನಡುವೆ ತುಳು ನಿಘಂಟಿನ ಆರು ಸಂಪುಟಗಳು ಬಂದವು. ಅದು ಈ ಜಿಲ್ಲೆಯಲ್ಲಿ ನಡೆದ ಬಹು ದೊಡ್ಡ ಕೆಲಸ. ಅತ್ತ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿಯಿತು. ಓಟದ ಕಂಬಳವನ್ನು ತುಳುವರು ತಮ್ಮದೆಂದು ಇಟ್ಟುಕೊಂಡರು, ಕೂಲಿಯ ಕಂಬಳ ಬಯಲುಸೀಮೆಯ ಆಡುನುಡಿಯಾಗಿ ಉಳಿಯಿತು. ಘಟ್ಟ ನಡುವೆ ನಿಂತಿತು.

ಘಟ್ಟದ ದಕ್ಷಿಣಕ್ಕೆ, ಕೊಡಗು ಮತ್ತು ಮೈಸೂರಿನ ಗಡಿಗೆ ತಾಗಿದ ವಯನಾಡಿಗೆ ಹೋದರೆ ಈ ಪ್ರಶ್ನೆಗೆ ಬೇರೆಯೇ ಬೆಳಕು ಬೀಳುತ್ತದೆ. ಅಲ್ಲಿ ‘ಕಂಬಳ ನಾಟಿ’ ಎಂಬ ಪದ್ಧತಿ ಇದೆ. ಪಣಿಯ ಬುಡಕಟ್ಟಿನವರು ದೊಡ್ಡ ಗದ್ದೆಗೆ ಸಾಲಾಗಿ ಇಳಿದು ಭತ್ತದ ನೇಜಿ ನೆಡುತ್ತಾರೆ. ಬದುವಿನ ಮೇಲೆ ತುಡಿ ಬಡಿಯುತ್ತದೆ, ಕುಳಲು ಕೂಗುತ್ತದೆ, ಆ ತಾಳಕ್ಕೆ ನಾಟಿಯೂ ಕುಣಿತವೂ ಒಟ್ಟಿಗೆ ಸಾಗುತ್ತವೆ. ಆ ತುಡಿ ಶಿವರಾಮ ಕಾರಂತರ ಚೋಮ ಬಡಿಯುತ್ತಿದ್ದ ದುಡಿಯದೇ ಬಳಗದ ವಾದ್ಯ. ಇದನ್ನು ಕೆಲಸ ಎನ್ನಬೇಕೋ ಹಬ್ಬ ಎನ್ನಬೇಕೋ? ಅಲ್ಲಿಯ ಕಂಬಳ ಎರಡೂ ಹೌದು. ಗದ್ದೆಯ ಒಡೆಯನಿಗೆ ನಾಟಿ ಮುಗಿಯುತ್ತದೆ, ನೆಟ್ಟವರಿಗೆ ದಿನ ಹಗುರಾಗುತ್ತದೆ. ಆದರೆ ಆ ಹಬ್ಬದ ಹಿಂದೆ ಏನಿತ್ತೆಂಬುದನ್ನು ಮರೆಯಬಾರದು. ವಯನಾಡಿನ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಜಮೀನುದಾರರು ಪಣಿಯರಿಗೆ ಮುಂಗಡ ಹಣ ಕೊಟ್ಟು ಒಂದು ವರ್ಷದ ಮಟ್ಟಿಗೆ ಕಟ್ಟಿಹಾಕಿಕೊಳ್ಳುತ್ತಿದ್ದರು. ದೇವಿಯ ಜಾತ್ರೆಯೇ ಆಳುಗಳ ಸಂತೆಯಾಗಿತ್ತು. 1976ರ ಜೀತ ನಿರ್ಮೂಲನ ಕಾಯಿದೆ ಬರುವ ಹೊತ್ತಿನವರೆಗೂ ಅದರ ನೆರಳು ಪೂರ್ತಿ ಹೋಗಿರಲಿಲ್ಲ.

ವಯನಾಡನ್ನು ನೋಡಿದ ಮೇಲೆ ನನ್ನ ಊಹೆ ಹೀಗಿದೆ. ದೊಡ್ಡ ಕೆಸರುಗದ್ದೆಯಲ್ಲಿ, ದೊಡ್ಡವರ ಗದ್ದೆಯಲ್ಲಿ, ಹತ್ತಾರು ಜನ ಒಂದೇ ದಿನ ಕೂಡಿ ಮಾಡುವ ಕೆಲಸಕ್ಕೆ ಕಂಬಳ ಎಂಬ ಹೆಸರಿತ್ತು. ವಯನಾಡಿನಲ್ಲಿ ಕೆಲಸ ಮತ್ತು ಸಂಭ್ರಮ ಒಟ್ಟಿಗೆ ಉಳಿದವು. ಬಯಲುಸೀಮೆಯಲ್ಲಿ ಸಂಭ್ರಮ ಕಳಚಿ ಆ ದಿನದ ದುಡಿಮೆಯೂ ಅದಕ್ಕೆ ಸಿಗುವ ಕೂಲಿಯೂ ಉಳಿದವು. ಕರಾವಳಿಯಲ್ಲಿ ಕೆಲಸ ಹಿಂದಕ್ಕೆ ಸರಿದು ಓಟ ಮುಂದೆ ಬಂತು. ಶಾಸನಗಳಲ್ಲಿ ಇದಕ್ಕೆ ಮುದ್ರೆ ಬೀಳುವ ತನಕ ಇದು ಊಹೆಯೇ ಸರಿ. ಆದರೆ ನಮ್ಮ ಕಂಬಳದ ಒಳಗಿರುವುದನ್ನು ನೋಡಿದರೆ ಈ ಊಹೆಗೆ ಬಲ ಬರುತ್ತದೆ.

ಕಂಬಳದ ವಿಭಾಗಗಳ ಹೆಸರು ಓದಿ: ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ. ಇವು ಕ್ರೀಡಾಂಗಣದ ಶಬ್ದಗಳಲ್ಲ, ರೈತನ ಕೊಟ್ಟಿಗೆಯ ಸಾಮಾನು. ಉತ್ತ ಗದ್ದೆಯ ಹೆಂಟೆ ಒಡೆದು, ಏರುತಗ್ಗು ಸರಿಮಾಡಿ, ನೀರು ಒಂದೇ ಮಟ್ಟದಲ್ಲಿ ನಿಲ್ಲುವಂತೆ ಮಾಡಲು ಕೋಣಗಳ ಹಿಂದೆ ಅಡ್ಡಕ್ಕೆ ಹಲಗೆ ಕಟ್ಟಿ ಅದರ ಮೇಲೆ ಆಳು ನಿಲ್ಲುತ್ತಿದ್ದ. ಅವನ ಭಾರಕ್ಕೆ ಕೆಸರು ಸಮನಾಗುತ್ತಿತ್ತು. ಅದೇ ಹಲಗೆಯ ಮೇಲೆ ಇಂದು ಓಟಗಾರ ನಿಲ್ಲುತ್ತಾನೆ. ಕನೆ ಹಲಗೆಯಲ್ಲಿ ಮರದ ತುಂಡಿಗೆ ತೂತುಗಳಿರುತ್ತವೆ. ಅದರ ಮೇಲೆ ಒಂದು ಕಾಲೂರಿ ನಿಂತು ಕೋಣ ಬಿಟ್ಟಾಗ ನೀರು ಆ ತೂತುಗಳಿಂದ ಚಿಮ್ಮಿ ಮೇಲಕ್ಕೇರುತ್ತದೆ. ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ, ಆರೂವರೆ ಕೋಲಿಗೋ ಏಳೂವರೆ ಕೋಲಿಗೋ, ನೀರು ತಾಗಿತೇ ಎಂದು ನೋಡುತ್ತಾರೆ. ಇಲ್ಲಿ ವೇಗಕ್ಕಿಂತ ನೀರಿನ ಎತ್ತರ ಮುಖ್ಯ. ನೇಗಿಲು ವಿಭಾಗದ ನೇಗಿಲು ಈಗ ಹಗುರವಾದ ಮರದ ಆಕೃತಿ. ಅದು ಮಣ್ಣು ಸೀಳುವುದಿಲ್ಲ. ಹಿರಿಯ ಕಿರಿಯ ಎಂದು ವಿಂಗಡಿಸುವುದು ಕೋಣದ ಹಲ್ಲು ನೋಡಿ. ಅದು ಕೂಡ ದನದ ಸಂತೆಯಲ್ಲಿ ಕೊಳ್ಳುವವನ ಲೆಕ್ಕ.

ದೇವರ ಕಂಬಳ ಅಥವಾ ಪೂಕರೆ ಕಂಬಳ ಎಂದು ಕರೆಯುವ ಹಳೆಯ ಬಗೆಯಲ್ಲಿ ಸ್ಪರ್ಧೆಯೇ ಮುಖ್ಯವಲ್ಲ. ಬೀಡು, ಗುತ್ತು ಮನೆಗಳ ಅತಿ ದೊಡ್ಡ ಗದ್ದೆಯಲ್ಲಿ ಒಕ್ಕಲುಗಳು ತಮ್ಮ ತಮ್ಮ ಕೋಣಗಳನ್ನು ತಂದು ಇಳಿಸುತ್ತಿದ್ದರು. ದೈವಕ್ಕೆ ಸೇವೆಯೂ ಆಯಿತು, ದಣಿಗಳ ಗದ್ದೆ ಹದಕ್ಕೂ ಬಂತು. ನಂತರ ಹೆಂಗಸರು ಓಬೇಲೆ ಹಾಡುತ್ತ ನೇಜಿ ನೆಡುತ್ತಿದ್ದರು. ಕೋಣ ಒಕ್ಕಲಿನದ್ದು, ಬೆವರು ಒಕ್ಕಲಿನದ್ದು, ಗದ್ದೆ ಮಾತ್ರ ದಣಿಯದ್ದು. ದಣಿ ಬೇಕೆಂದಾಗ ಒಕ್ಕಲನ್ನು ಎಬ್ಬಿಸಬಹುದಾಗಿದ್ದ ಚಾಲಗೇಣಿಯ ಕಾಲದಲ್ಲಿ ದಣಿಯ ಮನೆಯ ಬಿಟ್ಟಿಚಾಕರಿಯನ್ನು ಬೇಡವೆನ್ನುವ ಧೈರ್ಯ ಯಾವ ಒಕ್ಕಲಿಗೂ ಇರಲಿಲ್ಲ. ಚಿತ್ರದುರ್ಗದವರ ಮಾತಿನಲ್ಲಿ ಕೇಳುವುದಾದರೆ, ಈ ಕಂಬಳಕ್ಕೆ ಕಂಬಳ ಎಷ್ಟು? ಸೊನ್ನೆ.

ಇನ್ನೂ ಕೆಳಗೆ ಇಳಿದರೆ ಕೊರಗರು. ಕಂಬಳದ ಹಿಂದಿನ ರಾತ್ರಿ ಅವರು ಗದ್ದೆಯ ಬಳಿ ಮಂಜಿನಲ್ಲಿ ಕೂತು ಡೋಲು ಬಡಿಯುತ್ತ ಹಾಡುತ್ತ ಬೆಳಗು ಮಾಡಬೇಕಿತ್ತು. ಇದಕ್ಕೆ ‘ಪನಿ ಕುಲ್ಲುನಿ’ ಎಂದು ಹೆಸರು. ಬೆಳಿಗ್ಗೆ ಕೋಣಗಳಿಗಿಂತ ಮೊದಲು ಅವರನ್ನು ಕರೆಯಲ್ಲಿ ಓಡಿಸುತ್ತಿದ್ದರು. ಕೆಸರಿನಲ್ಲಿ ಗಾಜು, ಮುಳ್ಳು ಇದ್ದರೆ ಮೊದಲು ಚುಚ್ಚಬೇಕಾದದ್ದು ಅವರ ಕಾಲಿಗೆ. ಇದನ್ನು ಸಂಪ್ರದಾಯ ಎಂದು ಕರೆದು ನೋಡಿಕೊಂಡು ಕೂತವರು ನಮ್ಮ ಹಿರಿಯರೇ. ಇಂಥ ನಡವಳಿಕೆಗಳನ್ನು ತಡೆಯುವ ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ! ಕಂಬಳದ ವೈಭವವನ್ನು ವರ್ಣಿಸುವ ಲೇಖನಗಳಲ್ಲಿ ಈ ಒಂದು ಪ್ಯಾರಾ ಬಿಟ್ಟುಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೋಣದ ಮೇಲಿನ ಬೆತ್ತದ ಏಟಿನ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ವಾದ ನಡೆದ ನಾಡಿನಲ್ಲಿ ಈ ಮನುಷ್ಯರ ಪಾದಗಳ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ.

ದುಡಿಮೆಯೂ ಆಟವೂ ಒಂದೇ ಶಬ್ದದಲ್ಲಿ ಸೇರಿಕೊಂಡಿರುವುದು ನಮ್ಮಲ್ಲಿ ಮಾತ್ರ ಅಲ್ಲ. ಗ್ರೀಕರ ‘ಆಥ್ಲೋಸ್’ ಎಂದರೆ ಸ್ಪರ್ಧೆ, ಕಷ್ಟದ ಕೆಲಸವೂ ಹೌದು. ಹೆರಾಕ್ಲಿಸ್ ಮಾಡಿ ಮುಗಿಸಿದ ಹನ್ನೆರಡು ಅಸಾಧ್ಯ ಕೆಲಸಗಳಿಗೂ ಅದೇ ಹೆಸರು. ಅದರ ಪಕ್ಕದ ‘ಆಥ್ಲೋನ್’ ಎಂದರೆ ಬಹುಮಾನ. ನಾವು ಇಂದು ಹೇಳುವ ಅಥ್ಲೀಟ್ ಆ ಮನೆಯಿಂದ ಬಂದವನು. ದುಡಿಮೆ, ಸ್ಪರ್ಧೆ, ಪ್ರತಿಫಲ ಮೂರನ್ನೂ ಗ್ರೀಕರು ಒಂದೇ ಕುಟುಂಬದ ಶಬ್ದಗಳಲ್ಲಿ ಇಟ್ಟರು. ನಮ್ಮ ಕಂಬಳದಲ್ಲೂ ಮೂರೂ ಇವೆ. ಆದರೆ ಮೂರನೆಯದು ಘಟ್ಟದ ಆಚೆ ಉಳಿಯಿತು.

ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರು ಹೊಲದೊಡೆಯರಾದದ್ದು ಕಂಬಳವನ್ನು ಬೇರುಸಹಿತ ಅಲುಗಿಸಿತು. ದಣಿಗಳ ಕೈಯಲ್ಲಿ ಹಿಂದಿನಷ್ಟು ಗದ್ದೆ ಉಳಿಯಲಿಲ್ಲ, ಕೋಣ ತಂದು ನಿಲ್ಲಿಸುವ ಒಕ್ಕಲೂ ಉಳಿಯಲಿಲ್ಲ. ಹಲವು ಬೀಡುಗಳ ಕಂಬಳ ನಿಂತುಹೋಯಿತು. ಅದೇ ಹೊತ್ತಿಗೆ ಎರಡು ಕರೆಗಳನ್ನು ಪಕ್ಕಪಕ್ಕ ಕಟ್ಟಿ, ಸಮಿತಿ ಮಾಡಿ, ನಿಯಮ ಬರೆದು ನಡೆಸುವ ಜೋಡುಕರೆ ಕಂಬಳ ಬೆಳೆಯಿತು. ಕರೆಗಳಿಗೆ ಲವ-ಕುಶ, ಕೋಟಿ-ಚೆನ್ನಯ, ವಿಜಯ-ವಿಕ್ರಮ ಎಂಬ ಹೆಸರುಗಳು ಬಂದವು. ಹೊನಲು ಬೆಳಕು ಬಂತು, ವಿಡಿಯೋ ತೀರ್ಪು ಬಂತು. ಗದ್ದೆಗೆ ಟಿಲ್ಲರ್ ಬಂದ ಮೇಲೆ ಉಳುವ ಕೋಣ ಮನೆಗಳಿಂದ ಮಾಯವಾಯಿತು. ಈಗ ಕೋಣ ಇರುವುದು ಕಂಬಳಕ್ಕಾಗಿಯೇ. ಹುರುಳಿ ಬೇಯಿಸಿ ತಿನ್ನಿಸುವುದು, ಎಣ್ಣೆ ಹಚ್ಚಿ ತಿಕ್ಕುವುದು, ಈಜಿಸುವುದು ವರ್ಷವಿಡೀ ನಡೆಯುತ್ತದೆ. ಆಟಿ ತಿಂಗಳಲ್ಲಿ ‘ಕೆಸರ್ಡ್ ಒಂಜಿ ದಿನ’ ಎಂದು ಸಂಘಸಂಸ್ಥೆಗಳು ಗದ್ದೆಗಿಳಿದು ಹಗ್ಗಜಗ್ಗಾಟ, ಓಟ ಇಟ್ಟುಕೊಳ್ಳುವುದೂ ಇದೇ ಬದಲಾವಣೆಯ ಫಲ. ಅಜ್ಜಂದಿರು ಬೆನ್ನು ಬಾಗಿಸಿ ನಿಂತ ಕೆಸರಿಗೆ ಮೊಮ್ಮಕ್ಕಳು ಈಗ ಆಡಲು ಇಳಿಯುತ್ತಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆ ಒಂದು ದಿನದಲ್ಲಾದರೂ ಗದ್ದೆಯ ಆಳ ಎಷ್ಟೆಂದು ಕಾಲಿಗೆ ತಿಳಿಯುತ್ತದೆ.

ಕಡಲ ಬದಿಯ ಲೆಕ್ಕ ಬೇರೆ. ಉಚ್ಚಿಲದಿಂದ ಕಾಪುವರೆಗಿನ ತೀರದಲ್ಲಿ ಕೈರಂಪಣಿ ಎಳೆಯುವವರು ಕೂಲಿಯ ಮಾತಾಡುವುದಿಲ್ಲ, ಪಾಲಿನ ಮಾತಾಡುತ್ತಾರೆ. ಬಲೆ ಎಳೆದವನಿಗೆ ಸಿಕ್ಕ ಮೀನಿನಲ್ಲಿ ಪಾಲು. ಮೀನು ಬೀಳದಿದ್ದರೆ ಎಲ್ಲರ ಕೈಯೂ ಬರಿದು, ಬಿದ್ದರೆ ಎಲ್ಲರಿಗೂ ಉಂಟು. ಹೆದ್ದಾರಿಯ ಮೂಡುಬದಿಯ ಕಂಬಳದ ಗದ್ದೆಗೆ ಪಡುಬದಿಯ ಈ ನ್ಯಾಯ ಏಕೆ ದಾಟಲಿಲ್ಲವೋ!

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡ 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ನೂರು ಮೀಟರಿಗೆ ಲೆಕ್ಕ ಹಾಕಿದರೆ 9.56. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಈ ಹೋಲಿಕೆ ಸರಿಯಲ್ಲ, ಏಕೆಂದರೆ ಇಲ್ಲಿ ಮುಂದೆ ಕೋಣಗಳ ಎಳೆತ ಇದೆ. ಆದರೆ ಲೋಕಕ್ಕೆ ಅದು ಬೇಕಿರಲಿಲ್ಲ, ಸುದ್ದಿ ದೇಶ ದಾಟಿ ಹೋಯಿತು. ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಪರೀಕ್ಷೆಗೆ ಕರೆದರು. ಗೌಡರು ಒಪ್ಪಲಿಲ್ಲ, ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನ ಓಟ ಹಾಗಲ್ಲ ಎಂದರು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿಯ ಚೆಕ್ ಕೊಟ್ಟರು. ಕೆಲವೇ ದಿನಗಳಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ ಅದಕ್ಕಿಂತ ವೇಗವಾಗಿ ಓಡಿದರು.

ಆ ಗದ್ದಲದಲ್ಲಿ ಎಲ್ಲ ಸುದ್ದಿಗಳಲ್ಲೂ ಬಂದು, ಯಾರೂ ನಿಂತು ಯೋಚಿಸದ ಒಂದು ವಿವರ ಇತ್ತು: ಶ್ರೀನಿವಾಸ ಗೌಡ ಕಟ್ಟಡ ಕಾರ್ಮಿಕ. ಅಂದರೆ ಬಯಲುಸೀಮೆಯ ಅರ್ಥದ ಕಂಬಳ ಮಾಡಿ ಜೀವನ ನಡೆಸುತ್ತ, ಕರಾವಳಿಯ ಅರ್ಥದ ಕಂಬಳದಲ್ಲಿ ಲೋಕಪ್ರಸಿದ್ಧನಾದ ಮನುಷ್ಯ. ಎರಡು ಅರ್ಥಗಳೂ ಒಂದೇ ಮೈಯಲ್ಲಿ ಕೂಡಿದ್ದವು. ಕಂಬಳದ ಓಟಗಾರರಲ್ಲಿ ಬಹುಮಂದಿ ಹೀಗೆ ದುಡಿಯುವ ಮನೆಗಳಿಂದಲೇ ಬಂದವರು. ವಾರದ ಐದಾರು ದಿನ ಕೆಲಸ, ಶನಿವಾರ ರಾತ್ರಿಯಿಡೀ ಕರೆ. ಮಿಯ್ಯಾರಿನಲ್ಲಿ ಗುಣಪಾಲ ಕಡಂಬರು ನಡೆಸಿಕೊಂಡು ಬಂದ ಕಂಬಳ ಅಕಾಡೆಮಿಯಲ್ಲಿ ತರುಣರಿಗೆ ಓಡುವ, ಕೋಣ ಬಿಡುವ ತರಬೇತಿ ಸಿಗುತ್ತದೆ. ಅದು ಮೆಚ್ಚಬೇಕಾದ ಕೆಲಸ. ತರಬೇತಿಯ ನಂತರ ಬದುಕು ಏನು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ಕಾನೂನು ಈ ಶಬ್ದದ ಅರ್ಥವನ್ನು ಒಂದು ಬದಿಗೆ ಗಟ್ಟಿಮಾಡಿತು. 2014ರ ಮೇ 7ರ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು, 2016ರ ಕೊನೆಗೆ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. 2017ರಲ್ಲಿ ರಾಜ್ಯ ಪ್ರಾಣಿ ಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದಿತು. ಅದರಲ್ಲಿ ಕಂಬಳವೆಂದರೆ ಪರಂಪರೆಯ ಭಾಗವಾಗಿ ನಡೆಯುವ ಕೋಣಗಳ ಓಟದ ಸಾಂಪ್ರದಾಯಿಕ ಕ್ರೀಡೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ಕಟ್ಟಿ ಕಂಬಳ ನಡೆಸಲಾಯಿತು. ಅದಕ್ಕಿಂತ ಒಂದು ವರ್ಷ ಮೊದಲು ‘ಕಾಂತಾರ’ ಸಿನಿಮಾ ಕಂಬಳವನ್ನು ಕರಾವಳಿಯನ್ನೇ ಕಾಣದವರ ಕಣ್ಣಿಗೂ ತಂದಿತ್ತು. ಹೀಗಾಗಿ ಇಂದು ಬಯಲುಸೀಮೆಯ ಮಕ್ಕಳಿಗೂ ಕಂಬಳ ಎಂದರೆ ಮೊದಲು ನೆನಪಾಗುವುದು ಕೋಣ. ಅಜ್ಜಿಯ ಬಾಯಲ್ಲಿದ್ದ ಕೂಲಿಯ ಅರ್ಥವನ್ನು ಟಿ.ವಿ. ತಂದ ಅರ್ಥ ನುಂಗುತ್ತಿದೆ. ಇನ್ನೊಂದು ತಲೆಮಾರಿಗೆ ಕೂಲಿಕಂಬಳ ಎಂಬ ಮಾತಿಗೆ ಅಡಿಟಿಪ್ಪಣಿ ಬೇಕಾದೀತು. ಹಾಗಾಗುವ ಮೊದಲು ಚಿತ್ರದುರ್ಗ, ತುಮಕೂರು, ದಾವಣಗೆರೆಯ ಹಳ್ಳಿಗಳಲ್ಲಿ ಆ ಶಬ್ದ ಬಳಕೆಯಾಗುವ ಬಗೆಗಳನ್ನು ಯಾರಾದರೂ ಸಂಗ್ರಹಿಸಬೇಕು, ವಯನಾಡಿನ ಕಂಬಳದೊಡನೆ ಇಟ್ಟು ನೋಡಬೇಕು. ವಿಶ್ವವಿದ್ಯಾಲಯಗಳಿಗೆ ಇದು ಆಗದ ಕೆಲಸವೇನಲ್ಲ.

ಕೂಲಿಯ ಅರ್ಥ ನಮ್ಮ ಕರೆಗೆ ಇಳಿದು ಬರಬೇಕೆಂದು ನಾನು ಬಯಸುವುದು ಬರೀ ಭಾಷೆಯ ಪ್ರೀತಿಯಿಂದ ಅಲ್ಲ. ಸೋಮವಾರದ ಪತ್ರಿಕೆಯಲ್ಲಿ ಬರುವ ಕಂಬಳದ ಫಲಿತಾಂಶವನ್ನು ನೋಡಿ. ವಿಭಾಗ, ಸ್ಥಾನ, ಕೋಣಗಳ ಯಜಮಾನರ ಊರು ಮತ್ತು ಹೆಸರು, ಒಬ್ಬರದೇ ಎರಡು ಜೋಡಿ ಇದ್ದರೆ ‘ಎ’ ಅಥವಾ ‘ಬಿ’, ಓಡಿದ ಸೆಕೆಂಡು. ಅದರ ಕೆಳಗೆ ‘ಕೋಣ ಓಡಿಸಿದವರು’ ಎಂದು ಓಟಗಾರನ ಹೆಸರು. ಬಹುಮಾನದ ಚಿನ್ನದ ಪವನು ಯಜಮಾನರಿಗೆ. ಕೋಣ ಸಾಕುವ ಖರ್ಚು ಸಣ್ಣದಲ್ಲ, ಆದ್ದರಿಂದ ಅದನ್ನು ಅನ್ಯಾಯ ಎಂದು ಒಂದೇ ಮಾತಿನಲ್ಲಿ ಹೇಳಲಾರೆ. ಓಟಗಾರನಿಗೆ ಯಜಮಾನರು ಪ್ರೀತಿಯಿಂದ ಕೊಡುವುದೂ ಉಂಟು. ಆದರೆ ಪ್ರೀತಿಯಿಂದ ಕೊಟ್ಟದ್ದು ಕೈಯೆತ್ತಿ ಕೊಟ್ಟದ್ದಾಗುತ್ತದೆ, ದುಡಿದವನ ಹಕ್ಕಾಗುವುದಿಲ್ಲ. ವರ್ಷವಿಡೀ ಕೊಟ್ಟಿಗೆಯಲ್ಲಿ ಕೋಣ ತಿಕ್ಕುವವರ ಹೆಸರಂತೂ ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಕಂಬಳ ಸಮಿತಿಗಳು ಕರೆಯ ಉದ್ದ, ನಿಶಾನೆಯ ಎತ್ತರ, ಬೆತ್ತದ ಬಳಕೆ ಎಲ್ಲಕ್ಕೂ ನಿಯಮ ಬರೆದಿವೆ. ಓಟಗಾರನ ಪಾಲು ಇಷ್ಟು, ಬಿದ್ದು ಕಾಲು ಮುರಿದರೆ ವಿಮೆ ಇಷ್ಟು, ಕೋಣ ನೋಡಿಕೊಳ್ಳುವವನ ಸಂಬಳ ಇಷ್ಟಕ್ಕಿಂತ ಕಡಿಮೆಯಾಗಕೂಡದು ಎಂದು ಅದೇ ಪುಸ್ತಕದಲ್ಲಿ ಇನ್ನು ಮೂರು ಸಾಲು ಸೇರಿಸಲಿ. ಬರುವ ನವೆಂಬರಿನ ಫ್ಲೆಕ್ಸಿನಲ್ಲಿ ಬಹುಮಾನದ ಪವನಿನ ಲೆಕ್ಕದ ಕೆಳಗೇ ಅದನ್ನೂ ಅಚ್ಚು ಹಾಕಿಸಲಿ.